ನಾಲ್ಕು ಬೆರಳು ಡೊಂಕು

ಫೆಬ್ರವರಿ 3

ತೂಗುಗುಂಡಿಗೆ,

ಮಾವನ ಆಶೀರ್ವಾದ. ಹೆಸರು ಹಿಡಿಯದೆ ಹೀಗೆ ಕರೆದರಲ್ಲ ಅಂತ ಸಿಡುಕಬೇಡ. ಗೋಡೆ ಕಟ್ಟುವವರು ದಾರಕ್ಕೆ ಕಟ್ಟಿ ಇಳಿಬಿಡುವ ಗುಂಡು ಇದೆಯಲ್ಲ, ನೀನು ಸೊಸೆಯಾಗಿ ಬಂದ ಮೊದಲ ವಾರದಲ್ಲೇ ಅದರ ಹೆಸರು ನಿನಗೆ ಅಂಟಿತು. ಕುಳ್ಳಗೆ, ದುಂಡಗೆ ಇದ್ದೀಯ. ಡೊಂಕಿದ್ದರೆ ಡೊಂಕು ಅಂತ ಮುಖಕ್ಕೆ ಹೇಳುತ್ತೀಯ. ಇಟ್ಟವನು ನಾನೇ, ಕರೆಯುವವನೂ ನಾನೇ.

ಫೋನ್ ಮಾಡಿದರೆ ‘ಹೂಂ’, ‘ಸರಿ’, ‘ಇಡ್ತೀನಿ’ ಅನ್ನುವ ಮೂರು ಮಾತು ಬಿಟ್ಟು ನಿನ್ನ ಬಾಯಿಂದ ಬೇರೆ ಬರುವುದಿಲ್ಲ. ಅದಕ್ಕೇ ಕಾಗದ. ಬರೀ ‘ಹೂಂ’ ಅಂತ ಬರೆದು ಅಂಚೆಗೆ ಹಾಕುವಷ್ಟು ದಂಡಪಿಂಡ ನೀನಲ್ಲ ಅನ್ನುವ ಧೈರ್ಯ ನನಗಿದೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ದೋಣಿ ಯಾರ್ಡಿಗೆ ಒಬ್ಬ ಮೇಷ್ಟ್ರು ಬಂದಿದ್ದಾರೆ. ರಿಟೈರ್ ಆಗಿ ಒಂದು ಹಳೇ ಹಾಯಿದೋಣಿ ಕೊಂಡಿದ್ದಾರೆ. ಹೆಂಡತಿಯನ್ನ ಕೂರಿಸಿಕೊಂಡು ಜೂನ್ ಹೊತ್ತಿಗೆ ಸಮುದ್ರಕ್ಕೆ ಇಳಿಯಬೇಕಂತೆ. ಆಕೆಗೆ ನೀರು ಅಂದರೆ ಭಯ, ಇವರಿಗೆ ಆಕೆಯನ್ನ ಬಿಟ್ಟು ಹೋಗಲು ಮನಸ್ಸಿಲ್ಲ. ಹಾಯಿಯ ಕಂಬ ನಿಲ್ಲಿಸಿಕೊಟ್ಟೆ. ಸುಮ್ಮನೆ ನಿಂತಾಗ ಏನೂ ತಕರಾರಿಲ್ಲ. ಹಾಯಿ ಏರಿಸಿ ಗಾಳಿ ತುಂಬಿತೋ, ಕಂಬದ ತಲೆ ಎಡಕ್ಕೆ ತಿರುಚಿಕೊಳ್ಳುತ್ತದೆ ಅಂತ ಮೇಷ್ಟ್ರು ಹೇಳುತ್ತಾರೆ. ಬುಡ ದೋಣಿಯ ತಳದ ಗೂಡಿನಲ್ಲಿ ಸರಿಯಾಗಿ ಕೂತಿದೆ. ಕಂಬ ಮೇಲಿನ ಹಲಗೆ ದಾಟುವಲ್ಲಿ ಬೆಣೆಗಳೂ ಬಿಗಿಯಾಗಿವೆ. ಮುಂದಿನ ತಂತಿ, ಹಿಂದಿನ ತಂತಿ, ಎರಡು ಪಕ್ಕದ ತಂತಿಗಳು ಎಲ್ಲಾ ಸರಿ. ಮತ್ತೆ ಯಾಕೆ ತಿರುಚುತ್ತದೆ? ನಿನಗೇನಾದರೂ ಹೊಳೆಯುತ್ತದೆಯಾ?

ಕಂಬದ ಬುಡದಲ್ಲಿ ಅಂಗಾತ ಮಲಗಿ ಒಂದು ಕಣ್ಣು ಮುಚ್ಚಿ ಮೇಲೆ ನೋಡುವವಳು ಈಗ ಇಲ್ಲಿ ಯಾರೂ ಇಲ್ಲ. ನನ್ನ ಮಗ ಹೋದ. ತಿಂಗಳಾಗುವಷ್ಟರಲ್ಲಿ ನೀನೂ ಹೋದೆ. ಬರುವ ಏಪ್ರಿಲ್‌ಗೆ ಮೂರು ವರ್ಷ.

ಊಟ ಹೊತ್ತಿಗೆ ಸರಿಯಾಗಿ ಮಾಡು.

ನಿನ್ನ ಮಾವ


ಫೆಬ್ರವರಿ 17

ಮಾವನವರಿಗೆ ನಮಸ್ಕಾರ.

ಕಾಗದ ಬಂತು. ನಾನು ಚೆನ್ನಾಗಿದ್ದೇನೆ.

ನೀವು ಮೇಷ್ಟ್ರು ಹೇಳಿದ್ದನ್ನ ಬರೆದಿದ್ದೀರಿ. ನೀವು ಕಂಡಿದ್ದನ್ನ ಬರೆಯಿರಿ. ತಲೆ ಎಷ್ಟು ತಿರುಗುತ್ತದೆ? ನಡುವಿನಿಂದ ಮೇಲೆ ಮಾತ್ರವೋ, ಬುಡದಿಂದಲೋ? ಬುಡದಿಂದ ಆದರೆ ಗೂಡು ಸಡಿಲ. ನಡುವಿನಿಂದ ಆದರೆ ತೋಳುಗಳನ್ನ ನೋಡಬೇಕು. ಅಡ್ಡಕ್ಕೆ ಚಾಚಿರುವ ಆ ಎರಡು ತೋಳುಗಳೇ ತಂತಿಯನ್ನ ಕಂಬದಿಂದ ದೂರ ತಳ್ಳಿ ಹಿಡಿಯುವುದು ಅಂತ ನನಗೆ ಕಲಿಸಿದವರು ನೀವು. ಒಂದು ತೋಳು ಇನ್ನೊಂದಕ್ಕಿಂತ ಹಿಂದಕ್ಕೆ ವಾಲಿದ್ದರೆ ತಂತಿ ಬಿಗಿದಾಗ ಕಂಬ ತಿರುಚಲೇಬೇಕು.

ಇಲ್ಲಿ ನನ್ನ ಕೆಲಸವೂ ಕಂಬದ್ದೇ. ಬಯಲಿನ ನಡುವೆ ಗಾಳಿ ಅಳೆಯುವ ಕಂಬ. ಅರವತ್ತು ಮೀಟರ್ ಎತ್ತರ, ನನ್ನ ತೊಡೆಯಷ್ಟು ದಪ್ಪ. ಮೂರು ದಿಕ್ಕಿಗೆ ನಾಲ್ಕು ನಾಲ್ಕರಂತೆ ಹನ್ನೆರಡು ತಂತಿ. ತುದಿಯಲ್ಲಿ ಗಾಳಿಯ ದಿಕ್ಕು ತೋರಿಸುವ ಬಾಣ ಇದೆ. ಕಂಬ ಒಂದಿಷ್ಟು ತಿರುಚಿದರೂ ಗಾಳಿ ಬಂದ ದಿಕ್ಕೇ ಸುಳ್ಳಾಗುತ್ತದೆ. ಬೆಳಿಗ್ಗೆ ಎದ್ದು ಹನ್ನೆರಡನ್ನೂ ಸುತ್ತಿ ಬರುತ್ತೇನೆ. ಒಂದು ಕೋಣೆ, ಒಂದು ನಲ್ಲಿ, ಒಂದು ಕಿಟಕಿ. ವಾರಕ್ಕೊಮ್ಮೆ ಜೀಪು ಬಂದು ಸಾಮಾನು ಇಳಿಸಿ ಹೋಗುತ್ತದೆ. ಡ್ರೈವರ್ ‘ಏನಾದ್ರೂ ಬೇಕಾ ಮೇಡಂ’ ಅನ್ನುತ್ತಾನೆ, ಬೇಡ ಅನ್ನುತ್ತೇನೆ. ವಾರದ ಮಾತು ಅಷ್ಟಕ್ಕೆ ಮುಗಿಯುತ್ತದೆ.

ಕೆಲಸಕ್ಕೆ ಸೇರುವಾಗ ‘ಇಂಥಾ ಕಡೆ ಯಾಕೆ ಬರ್ತೀರಿ’ ಅಂತ ಕೇಳಿದರು. ಕಾರಣ ಹೇಳಲಿಲ್ಲ. ಈ ಕಂಬ ಬಿದ್ದರೆ ಸಾಯುವವಳು ನಾನೊಬ್ಬಳೇ. ಅದೇ ಕಾರಣ.

ಇಂತಿ,
ನಿಮ್ಮ ಸೊಸೆ


ಮಾರ್ಚ್ 4

ತೂಗುಗುಂಡಿಗೆ,

ಸಾಯುವ ಮಾತು ಬರೆಯಬೇಡ. ನಿನ್ನ ಕಾಗದ ಓದಿದ ದಿನ ಊಟ ಸೇರಲಿಲ್ಲ.

ಇನ್ನೊಂದು ಮಾತು. ಅಕ್ಷರ ದೊಡ್ಡದಾಗಿ ಬರಿ. ಇರುವೆ ಸಾಲು ಹಾಳೆಯ ಮೇಲೆ ಹರಿದ ಹಾಗಿತ್ತು. ನಾನೇ ಯಾಕೆ ಈ ದಪ್ಪ ಕಪ್ಪು ಪೆನ್ನಿನಲ್ಲಿ ಅಂಗಡಿ ಬೋರ್ಡಿನ ಹಾಗೆ ಬರೆಯುತ್ತೀನಿ ಅಂತ ನೀನು ನಗುತ್ತಿರಬಹುದು. ಅಂಗಡಿಯಲ್ಲಿ ಇದೊಂದೇ ಇತ್ತು.

ತೋಳುಗಳನ್ನ ನೋಡಿದೆ. ಎರಡೂ ಸಮ ಇವೆ. ನೀನು ಹೇಳಿದ್ದು ಸರಿ, ಒಂದು ತೋಳು ಏರಿಗೆ ಇನ್ನೊಂದು ನೀರಿಗೆ ಎಳೆದರೆ ಕಂಬ ಏನು ಮಾಡೀತು ಪಾಪ. ಆದರೆ ಇಲ್ಲಿ ಹಾಗಿಲ್ಲ. ಬಹುಶಃ ಮೇಷ್ಟ್ರಿಗೆ ಹಾಯಿ ಹಿಡಿಯೋಕೆ ಬರಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಇವರು ಕಂಬ ಡೊಂಕು ಅನ್ನುತ್ತಿದ್ದಾರೆ. ಹಾಗಂತ ಯಜಮಾನಮ್ಮನ ಹತ್ತಿರ ಹೇಳಿದೆ. ಆಕೆ ನಕ್ಕರು. ಯಾರ್ಡಿನ ಒಡತಿ ನಕ್ಕರೆ ನಮಗೂ ಒಂದು ದಿನ ಹಗುರ.

ಮನೆಯಲ್ಲಿ ವಿಶೇಷ ಏನಿಲ್ಲ. ನಲ್ಲಿಯ ಕೆಳಗೆ ಪಾತ್ರೆ ಇಟ್ಟು ಮರೆತುಬಿಡುತ್ತೇನೆ, ಅಡುಗೆಮನೆ ಕೆರೆಯಾಗುತ್ತದೆ. ಸಂಜೆ ಯಾರ್ಡಿನಿಂದ ಬಂದು ಬೀಗ ತೆಗೆಯುವಾಗ ಒಳಗೆ ಯಾರೋ ಇದ್ದಾರೆ ಅನ್ನಿಸುತ್ತದೆ. ತೆಗೆದ ಮೇಲೆ ಯಾರೂ ಇರುವುದಿಲ್ಲ. ಮೂರು ಜನಕ್ಕೆ ಅಂತ ಕೊಂಡ ಮೇಜು ನನಗೆ ಈಗ ಒಂದು ಬಯಲಿನ ಹಾಗೆ. ಅದರ ಒಂದು ಮೂಲೆಯಲ್ಲಿ ಕೂತು ಉಣ್ಣುತ್ತೇನೆ.

ಬೇಸರ ಅಂತ ಹೇಳಿದ್ದಲ್ಲ. ಸುಮ್ಮನೆ ಬರೆದೆ.

ನಿನ್ನ ಮಾವ


ಮಾರ್ಚ್ 19

ಮಾವನವರಿಗೆ ನಮಸ್ಕಾರ.

ಅಕ್ಷರ ದೊಡ್ಡದು ಮಾಡಿದ್ದೇನೆ.

ಕಣ್ಣಳತೆ ಬೇಡ, ದಾರ ಹಿಡಿದು ಅಳೆಯಿರಿ. ಮೇಷ್ಟ್ರ ಮೇಲೆ ಹಾಕಬೇಡಿ. ಕಂಬವನ್ನ ಇಳಿಸಿ, ಮರ ಕೊಯ್ಯುವಾಗ ಆನಿಕೆಗೆ ಇಡುವ ಮರದ ಕುದುರೆಗಳ ಮೇಲೆ ಮಲಗಿಸಿ. ಎಡ ತೋಳಿನ ತುದಿಯಿಂದ ಕಂಬದ ಬುಡದ ನಡುಗೆರೆಯ ತನಕ ದಾರ ಎಳೆದು ಗಂಟು ಹಾಕಿ. ಅದೇ ದಾರವನ್ನ ಬಲ ತೋಳಿನಿಂದ ಎಳೆಯಿರಿ. ಗಂಟು ಅದೇ ಜಾಗಕ್ಕೆ ಬಂದರೆ ತೋಳುಗಳು ಸಮ. ಇಲ್ಲದಿದ್ದರೆ ಅಲ್ಲೇ ಕಾಯಿಲೆ ಇದೆ.

‘ಬೇಸರ ಅಂತ ಹೇಳಿದ್ದಲ್ಲ’ ಅಂತ ಬರೆದಿದ್ದೀರಿ. ನಾನು ಹೇಳಿಬಿಡುತ್ತೇನೆ. ಆ ಮನೆಗೆ ನಾನು ಬರಲಾರೆ. ನೀವು ಅಲ್ಲಿ ಒಬ್ಬರೇ ಇದ್ದೀರಿ ಅಂತ ಗೊತ್ತು, ಆದರೂ ಬರಲಾರೆ. ಯಾಕೆ ಅಂತ ಇಷ್ಟು ದಿನ ನಾವಿಬ್ಬರೂ ಮಾತಾಡಿಲ್ಲ. ಇವತ್ತು ಬರೆಯುತ್ತೇನೆ.

ನಮ್ಮ ಯಾರ್ಡಿನಲ್ಲಿ ಒಂದು ಪದ್ಧತಿ ಇತ್ತು. ತಂತಿ ಬಿಗಿಸುವ ತಿರುಪುಗಳು ತಾವಾಗಿ ಬಿಚ್ಚಿಕೊಳ್ಳದ ಹಾಗೆ ತೂತಿಗೆ ಎರಡು ಕಾಲಿನ ಪಿನ್ನು ಹಾಕಿ ಕಾಲು ಬಗ್ಗಿಸಬೇಕು. ಒಬ್ಬರು ಹಾಕಿದ್ದನ್ನ ಇನ್ನೊಬ್ಬರು ಬೆರಳಾಡಿಸಿ ನೋಡಬೇಕು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅನ್ನುತ್ತಿದ್ದಿರಿ. ನಿಮ್ಮ ಮಗ ದೋಣಿಯಲ್ಲಿ ಹೊರಡುವ ಹಿಂದಿನ ದಿನ ನೀವು ಎಂಟು ಪಿನ್ನು ಹಾಕಿದಿರಿ. ಸಂಜೆ ಕಂಬ ನೋಡಿದಾಗ ತಲೆ ಒಂದು ಎಳೆಯಷ್ಟು ವಾಲಿದೆ ಅನ್ನಿಸಿತು. ನಾನೊಬ್ಬಳೇ ದೋಣಿಗೆ ಹತ್ತಿ ಎಡಗಡೆಯ ಒಂದು ತಿರುಪಿನ ಪಿನ್ನು ತೆಗೆದು ಅರ್ಧ ಸುತ್ತು ಬಿಗಿಸಿದೆ. ಪಿನ್ನು ತಿರುಗಿ ಹಾಕಿದೆನಾ? ಹಾಕಿದೆ ಅನ್ನಿಸುತ್ತದೆ. ಸಾವಿರ ಸಲ ನೆನೆಸಿಕೊಂಡು ಈಗ ಯಾವುದು ನಿಜ, ಯಾವುದು ನಾನು ಕಟ್ಟಿಕೊಂಡದ್ದು ಅಂತ ತಿಳಿಯುವುದಿಲ್ಲ. ಯಾರನ್ನೂ ಕರೆದು ತೋರಿಸಲಿಲ್ಲ. ಮಾರನೇ ದಿನ ನಡು ನೀರಿನಲ್ಲಿ ಎಡಗಡೆಯ ತಿರುಪು ಬಿಚ್ಚಿಕೊಂಡು, ಕಂಬ ತಿರುಚಿ, ಅವನ ಮೇಲೆ ಬಿತ್ತು.

ನೀವು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಅಲ್ಲೇ ಇರುತ್ತಿದ್ದೆನೇನೋ. ಮಗನನ್ನ ಕಳೆದುಕೊಂಡವರು ಕಳೆದವಳ ತಲೆಯ ಮೇಲೆ ಕೈಯಿಟ್ಟು ಸಮಾಧಾನ ಹೇಳಿದಿರಿ. ನಿಮ್ಮ ಆ ದೊಡ್ಡತನದ ಎದುರು ದಿನಾ ಕೂತು ಉಣ್ಣುವುದು ನನ್ನಿಂದ ಆಗಲಿಲ್ಲ.

ಇಷ್ಟೇ. ಇದಕ್ಕೆ ಉತ್ತರ ಬೇಡ. ದಾರದ ಅಳತೆ ಮಾತ್ರ ಬರೆಯಿರಿ.

ಇಂತಿ,
ನಿಮ್ಮ ಸೊಸೆ


ಏಪ್ರಿಲ್ 6

ತೂಗುಗುಂಡಿಗೆ,

ಅಳತೆ ಮಾತ್ರ ಕೇಳಿದ್ದೀಯ, ಅಳತೆ ಮಾತ್ರ ಬರೆಯುತ್ತೇನೆ.

ಮೇಷ್ಟ್ರೂ ನಾನೂ ಸೇರಿ ಕಂಬ ಇಳಿಸಿದೆವು. ಅವರು ಸೊಂಟ ಹಿಡಿದುಕೊಂಡು ‘ಪಾಠ ಮಾಡೋದೇ ಸುಖವಾಗಿತ್ತು’ ಅಂದರು. ಅವರು ಊಟಕ್ಕೆ ಹೋದ ಮೇಲೆ ದಾರ ಎಳೆದೆ. ಗಂಟು ಹಾಕಿ ಬಲಕ್ಕೆ ಒಯ್ದೆ. ನೀನು ಗೆದ್ದೆ. ಗಂಟು ನಾಲ್ಕು ಬೆರಳು ಈಚೆಗೆ ನಿಂತಿತು. ಪೂರ್ತಿ ನಾಲ್ಕು ಬೆರಳು! ಬಲ ತೋಳಿನ ಬುಡದ ತೂತು ಸವೆದು ಉದ್ದಕ್ಕಾಗಿದೆ, ನನ್ನ ಕಿರುಬೆರಳ ತುದಿಯೇ ಹೋಗುತ್ತದೆ. ಅದಕ್ಕೇ ತೋಳು ಹಿಂದಕ್ಕೆ ಜರುಗಿದೆ. ಹೊಸ ತಗಡು ಹಾಕಿ ಬೋಲ್ಟು ಕೂರಿಸಿದರೆ ಮುಗಿಯಿತು.

ಮೇಷ್ಟ್ರಿಗೆ ಹೇಳಿದೆ. ‘ಇಷ್ಟು ಸುಲಭವಾ’ ಅಂದರು. ‘ಗೊತ್ತಿದ್ದವರಿಗೆ ಸುಲಭ’ ಅಂದೆ, ನಿನ್ನ ಹೆಸರು ಹೇಳಲಿಲ್ಲ. ಹಮ್ಮು ಅಷ್ಟು ಬೇಗ ಸಾಯುವುದಿಲ್ಲ.

ಇನ್ನು ಹದಿನೈದು ದಿನದಲ್ಲಿ ಕಂಬ ನಿಲ್ಲಿಸಿ ಬಿಗಿಸುತ್ತೇನೆ. ಮೇಷ್ಟ್ರ ಹೆಂಡತಿ ದೋಣಿಯಲ್ಲಿ ಕೂರಲು ಒಂದು ಮೆತ್ತೆ ಹೊಲಿದು ತಂದು ತೋರಿಸಿದರು.

ನಿನ್ನ ಮಾವ


ಏಪ್ರಿಲ್ 13

ಮಾವನವರಿಗೆ,

ನಾಲ್ಕು ಬೆರಳು ಅಂದರೆ ಅಡ್ಡರಸ್ತೆಯಲ್ಲಿ ನಡೆದು ಹೋಗುವವರಿಗೂ ಕಾಣುವಷ್ಟು ಡೊಂಕು. ಕಂಬದ ಬುಡದಲ್ಲಿ ನಿಂತು ಒಮ್ಮೆ ನೋಡಿದರೆ ಸಾಕು, ಮಲಗುವುದೂ ಬೇಡ. ಅದನ್ನ ನೋಡಿ ನೀವು ‘ಎರಡೂ ಸಮ’ ಅಂತ ಬರೆದಿರಿ. ಮೇಷ್ಟ್ರು ಊಟಕ್ಕೆ ಹೋದ ಮೇಲೆ ಬೆರಳಿನಲ್ಲಿ ಅಳೆದಿರಿ. ತೂತು ಸವೆದದ್ದನ್ನೂ ಬೆರಳೇ ಕಂಡಿದೆ. ಅಂಗಡಿಯಲ್ಲಿ ದಪ್ಪ ಪೆನ್ನೊಂದೇ ಇತ್ತು ಅನ್ನುತ್ತೀರಿ.

ನಿಮಗೆ ಕಣ್ಣು ಕಾಣುವುದಿಲ್ಲ. ಎಂದಿನಿಂದ?

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆಯಬೇಡಿ. ಮೇಷ್ಟ್ರ ಹೆಂಡತಿ ಆ ದೋಣಿಯಲ್ಲಿ ಕೂರುವ ಮೊದಲು ನನಗೆ ಉತ್ತರ ಬೇಕು.

ನಿಮ್ಮ ಸೊಸೆ


ಮೇ 2

ತೂಗುಗುಂಡಿಗೆ,

ಕಂಬ ನಿಲ್ಲಿಸಿಲ್ಲ. ಕುದುರೆಗಳ ಮೇಲೆ ಹಾಗೇ ಮಲಗಿದೆ. ಮೊದಲು ಅದನ್ನ ತಿಳಿದುಕೊ.

ನಾಲ್ಕೂವರೆ ವರ್ಷದಿಂದ. ನೋಟದ ನಡುವಿನಲ್ಲಿ ಒಂದು ಬೂದು ಚುಕ್ಕೆ. ಸುತ್ತಮುತ್ತ ಎಲ್ಲಾ ಕಾಣುತ್ತದೆ, ಯಾವುದನ್ನ ನೋಡಬೇಕೋ ಅದೇ ಕಾಣುವುದಿಲ್ಲ. ಆಗ ಅದು ಸಾಸಿವೆಯಷ್ಟಿತ್ತು. ಈಗ ಒಬ್ಬ ಮನುಷ್ಯನ ಮುಖವನ್ನೇ ನುಂಗುತ್ತದೆ. ಡಾಕ್ಟರು ವಾಪಸ್ ಬರುವುದಿಲ್ಲ ಅಂದರು. ಯಾರಿಗೂ ಹೇಳಲಿಲ್ಲ. ಕಂಬ ನಿಲ್ಲಿಸುವವನಿಗೆ ಕಣ್ಣಿಲ್ಲ ಅಂದರೆ ಯಾರು ಕರೆಯುತ್ತಾರೆ? ನಿನ್ನ ಒಂದೊಂದು ಕಾಗದ ಓದುವುದಕ್ಕೆ ನನಗೆ ಎರಡು ದಿನ, ಬಿಸಿಲಿನಲ್ಲಿ, ಭೂತಗನ್ನಡಿ ಹಿಡಿದು.

ಲೆಕ್ಕ ಹಾಕಿದ್ದೀಯ ಅಂತ ಗೊತ್ತು. ಹೌದು, ಅವನು ಹೋಗುವುದಕ್ಕೆ ಒಂದೂವರೆ ವರ್ಷ ಮೊದಲಿನಿಂದ.

ಇನ್ನು ಬರೆಯುವುದನ್ನ ಹತ್ತು ಸಲ ಬರೆದು ಹರಿದಿದ್ದೇನೆ. ಅವನು ಹೊರಡುವ ವಾರ ನಾನು ಹಾಕಿದ ಎರಡು ಪಿನ್ನು ತೂತಿಗೇ ಹೋಗದೆ ಪಕ್ಕದ ಗ್ರೀಸಿನಲ್ಲಿ ಸಿಕ್ಕಿಕೊಂಡಿದ್ದನ್ನ ನೀನು ಹಿಡಿದೆ, ನೆನಪಿದೆಯಾ? ‘ಮಾವ, ಇದು ಬಾಗಿಲಲ್ಲೇ ನಿಂತುಬಿಟ್ಟಿದೆ, ಒಳಗೆ ಕರೀರಿ’ ಅಂದೆ. ಅವನು ನಕ್ಕ, ನಾನೂ ನಕ್ಕೆ. ಕಣ್ಣಿನ ಗುಟ್ಟು ಬಯಲಾಯಿತು ಅಂತ ಹೆದರಿದೆ. ಅದಕ್ಕೇ ಎಂಟು ಪಿನ್ನು ಹಾಕಿದ ದಿನ ನಿನ್ನನ್ನ ಗದರಿದೆ. ‘ನನ್ನ ಹಿಂದೆ ಹಿಂದೆ ಬರಬೇಡ, ನೀನು ಹುಟ್ಟೋಕೆ ಮೊದಲಿಂದ ಪಿನ್ನು ಹಾಕ್ತಿದೀನಿ.’ ನೀನು ದೊಡ್ಡವರ ಮಾತು ಅಂತ ಸುಮ್ಮನಾದೆ. ಎಂಟರಲ್ಲಿ ಒಂದಕ್ಕೂ ನಿನ್ನ ಬೆರಳು ಬೀಳಲಿಲ್ಲ.

ದೋಣಿಯನ್ನ ಎಳೆದು ತಂದ ದಿನ ಎಲ್ಲರೂ ಅವನ ಸುತ್ತ ಇದ್ದರು. ನಾನು ದೋಣಿ ಹತ್ತಿದೆ. ಮಗನ ಹತ್ತಿರ ಹೋಗುವ ಮೊದಲು ತಿರುಪಿನ ಹತ್ತಿರ ಹೋದ ಅಪ್ಪ ನಾನು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ. ಎಡಗಡೆ ಮೂರು ತಿರುಪು, ಮೂರಕ್ಕೂ ಬೆರಳಾಡಿಸಿದೆ. ಮುಂದಿನದರಲ್ಲಿ ಪಿನ್ನು ಇತ್ತು, ಎರಡು ಕಾಲೂ ಅಗಲಿಸಿ ಬಗ್ಗಿಸಿತ್ತು. ನಾನು ಯಾವತ್ತೂ ಒಂದೇ ಕಾಲು ಬಗ್ಗಿಸುವವನು. ಎರಡೂ ಬಗ್ಗಿಸುವವಳು ಇಡೀ ಯಾರ್ಡಿನಲ್ಲಿ ನೀನೊಬ್ಬಳೇ. ಹಿಂದಿನ ಸಂಜೆ ನೀನು ತೆರೆದದ್ದು ಅದನ್ನ. ನೀನು ಪಿನ್ನು ತಿರುಗಿ ಹಾಕಿದ್ದೆ ಮಗಳೇ. ಸರಿಯಾಗಿ ಹಾಕಿದ್ದೆ.

ಬಿಚ್ಚಿಕೊಂಡದ್ದು ನಡುವಿನದು. ಅದನ್ನ ನೀನು ಮುಟ್ಟೇ ಇಲ್ಲ. ಅದು ನನ್ನದು.

ಮಾರನೇ ದಿನ ವಿಚಾರಿಸಲು ಬಂದವರಿಗೆ ನೀನೇ ‘ಎಡಗಡೆಯದು ಒಂದನ್ನ ನಾನು ತೆರೆದಿದ್ದೆ’ ಅಂದೆ. ಯಾವುದು ಅಂತ ಕೇಳಿದರು, ನಿನಗೆ ನೆನಪಾಗಲಿಲ್ಲ. ಖಾಲಿ ತೂತು ಅವರ ಕಣ್ಣೆದುರು ಇತ್ತು, ಅವರಿಗೆ ಅಷ್ಟು ಸಾಕಾಯಿತು. ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ. ನಿನ್ನ ತಲೆಯ ಮೇಲೆ ಕೈಯಿಟ್ಟು ‘ಆಗಿದ್ದು ಆಗಿಹೋಯ್ತು’ ಅಂದೆ. ನಾನು ಮಾಡಿದ ತಪ್ಪಿಗೆ ನಿನ್ನನ್ನ ಕ್ಷಮಿಸಿದೆ. ನೆರೆದವರು ನನ್ನನ್ನ ದೊಡ್ಡ ಮನುಷ್ಯ ಅಂದರು. ಆ ಮಾತು ಕೇಳಿ ಒಂದು ಕ್ಷಣ ನೆಮ್ಮದಿ ಆಯಿತು, ಅದನ್ನೂ ಬರೆದುಬಿಡುತ್ತೇನೆ.

ನಿನ್ನನ್ನ ಏನೂ ಕೇಳುವುದಿಲ್ಲ.

ಮಾವ ಅಂತ ಸಹಿ ಮಾಡಲು ಕೈ ಬರುತ್ತಿಲ್ಲ.


ಜೂನ್ 9

ತೂಗುಗುಂಡಿಗೆ,

ಉತ್ತರ ಬಂದಿಲ್ಲ. ಬರಬೇಕಾಗಿಯೂ ಇಲ್ಲ. ಆದರೆ ನಡೆದದ್ದನ್ನ ನಿನಗೆ ತಿಳಿಸದೆ ಇರಲಾರೆ.

ಮೇಷ್ಟ್ರಿಗೆ ಹೇಳಿದೆ. ಮೊದಲು ಕಣ್ಣಿನ ವಿಷಯ ಹೇಳಿದೆ. ಅವರು ತಮ್ಮ ಕನ್ನಡಕ ತೆಗೆದು ಒರೆಸಿಕೊಂಡರು, ನನ್ನ ಕಣ್ಣು ಒರೆಸಿದ ಹಾಗೆ. ಆಮೇಲೆ ಉಳಿದದ್ದನ್ನೂ ಹೇಳಿದೆ. ಅವರು ‘ಆ ಹುಡುಗಿಗೆ ಗೊತ್ತಾ?’ ಅಂತ ಒಂದೇ ಪ್ರಶ್ನೆ ಕೇಳಿದರು. ಈಗ ಗೊತ್ತು ಅಂದೆ. ‘ಈಗಾ?’ ಅಂದರು.

ಮಾರನೇ ದಿನ ಟೀ ಹೊತ್ತಿನಲ್ಲಿ ಯಾರ್ಡಿನವರೆಲ್ಲಾ ಶೆಡ್ಡಿನಲ್ಲಿ ಇದ್ದಾಗ ಎದ್ದು ನಿಂತು ಹೇಳಿದೆ. ಮರ ಕೊಯ್ಯುವವರು, ಬಣ್ಣದವರು, ಯಜಮಾನಮ್ಮ, ಎಲ್ಲರೂ ಇದ್ದರು. ಮೂರು ವರ್ಷದಿಂದ ನಿನ್ನ ಬಗ್ಗೆ ಗುಸುಗುಸು ಆಡಿದವರೂ ಇದ್ದರು. ‘ಅವಳ ಪಿನ್ನು ಇತ್ತು, ಖಾಲಿ ಇದ್ದದ್ದು ನಂದು, ಗೊತ್ತಿದ್ದೂ ಸುಮ್ಮನಿದ್ದೆ’ ಅಂದೆ. ಯಾರ ಮುಖದಲ್ಲಿ ಏನಿತ್ತು ನನಗೆ ಕಾಣಲಿಲ್ಲ. ಯಾರೋ ಲೋಟ ಕೆಳಗಿಟ್ಟ ಸದ್ದು ಕೇಳಿತು. ಆಮೇಲೆ ಒಬ್ಬೊಬ್ಬರಾಗಿ ಕೆಲಸಕ್ಕೆ ಹೋದರು. ಬೈದಿದ್ದರೆ ಚೆನ್ನಾಗಿತ್ತು ಅಂತ ನೀನು ಬರೆದಿದ್ದೆಯಲ್ಲ, ಅದರ ಅರ್ಥ ಆ ಹೊತ್ತಿಗೆ ಆಯಿತು.

ಯಜಮಾನಮ್ಮ ನನ್ನ ಸಾಮಾನಿನ ಪೆಟ್ಟಿಗೆಯನ್ನ ಮನೆಗೆ ಕಳಿಸಿಕೊಟ್ಟರು. ನಲವತ್ತೊಂದು ವರ್ಷದ ಕೆಲಸ. ಅವರು ಮಾಡಿದ್ದು ಸರಿ.

ಮೇಷ್ಟ್ರ ಕಂಬ ನಿಲ್ಲಿಸಲು ಬೇರೆ ಊರಿನಿಂದ ಯಾರನ್ನಾದರೂ ಕರೆಸಿ ಅಂದೆ. ಅವರು ಅವಸರವಿಲ್ಲ ಅನ್ನುತ್ತಾರೆ. ಎರಡು ದಿನಕ್ಕೊಮ್ಮೆ ಬಂದು ನನಗೆ ಪೇಪರ್ ಓದಿ ಹೇಳುತ್ತಾರೆ, ನಡುನಡುವೆ ಸಂಪಾದಕರ ತಪ್ಪು ಹುಡುಕುತ್ತಾರೆ. ಅವರು ಹೋದ ಮೇಲೆ ಮನೆ ಇನ್ನೂ ದೊಡ್ಡದಾಗುತ್ತದೆ.

ನಿನ್ನ ಮಾವ


ಜುಲೈ 20

ತೂಗುಗುಂಡಿಗೆ,

ಅಂಚೆಯವನು ದಿನಾ ‘ಏನೂ ಇಲ್ಲ ತಾತ’ ಅಂತ ತಾನೇ ಹೇಳಿ ಹೋಗುತ್ತಾನೆ. ಗೇಟಿನ ಹತ್ತಿರ ನಿಲ್ಲುವುದನ್ನ ಬಿಡಬೇಕು ಅಂದುಕೊಳ್ಳುತ್ತೇನೆ.

ನೀನು ಅಲ್ಲಿ ಕಂಬ ಹತ್ತುವಾಗ ಸೊಂಟಕ್ಕೆ ಪಟ್ಟಿ ಕಟ್ಟಿಕೊ. ಬೇರೆ ಹೇಳುವುದಕ್ಕೆ ಏನೂ ಇಲ್ಲ.

ನಿನ್ನ ಮಾವ


ಆಗಸ್ಟ್ 28

ಮಾವನವರಿಗೆ,

ಇಷ್ಟು ದೊಡ್ಡ ಅಕ್ಷರದಲ್ಲಿ ಬರೆದರೆ ಒಂದು ಹಾಳೆಗೆ ಏಳೇ ಸಾಲು ಹಿಡಿಯುತ್ತದೆ. ಹಾಳೆ ಎಷ್ಟಾದರೂ ಆಗಲಿ, ನೀವೇ ಓದಬೇಕು. ಮೇಷ್ಟ್ರಿಂದ ಓದಿಸಬೇಡಿ.

ಮೇ ತಿಂಗಳ ಕಾಗದ ಓದಿ ಅದನ್ನ ಒಲೆಗೆ ಹಾಕಲು ಹೋದೆ. ಆಮೇಲೆ ಸಾಕ್ಷಿಗೆ ಇರಲಿ ಅಂತ ಇಟ್ಟುಕೊಂಡೆ. ಯಾರಿಗೆ ತೋರಿಸುವ ಸಾಕ್ಷಿ ಅಂತ ಗೊತ್ತಿಲ್ಲ, ನನಗೇ ಇರಬೇಕು. ಎರಡು ತಿಂಗಳು ನಿಮ್ಮ ಮೇಲೆ ಎಂಥಾ ಕೋಪ ಇತ್ತು ಅಂದರೆ, ತಂತಿಗಳನ್ನ ಸುತ್ತುವಾಗ ನಿಮಗೆ ಗಟ್ಟಿಯಾಗಿ ಬೈಯುತ್ತಿದ್ದೆ. ಜೀಪಿನವನು ಒಂದು ದಿನ ಕೇಳಿಸಿಕೊಂಡು ‘ಯಾರ ಜೊತೆ ಮೇಡಂ’ ಅಂದ. ‘ನಮ್ಮ ಮಾವನ ಜೊತೆ’ ಅಂದೆ. ಅವನು ಅತ್ತಿತ್ತ ನೋಡಿ ಬೇಗ ಸಾಮಾನು ಇಳಿಸಿ ಹೋದ.

ಒಂದು ವಿಷಯ ನಿಮಗೆ ಗೊತ್ತಿರಲಿ. ಈ ಮೂರು ವರ್ಷದಲ್ಲಿ ನಾನು ಅತ್ತಿರಲಿಲ್ಲ. ಕಲ್ಲುಮನಸ್ಸಿನವಳು ಅಂತ ಜನ ಅಂದಿದ್ದು ನಿಮ್ಮ ಕಿವಿಗೂ ಬಿದ್ದಿರಬೇಕು. ಕೊಂದವಳು ಯಾವ ಮುಖ ಇಟ್ಟುಕೊಂಡು ಅಳಬೇಕು ಅನ್ನಿಸುತ್ತಿತ್ತು. ಅವನನ್ನ ನೆನೆಸಿಕೊಂಡರೂ ಕದ್ದು ನೆನೆಸಿಕೊಂಡ ಹಾಗೆ. ಅವನು ಹೇಗೆ ನಗುತ್ತಿದ್ದ, ಹೇಗೆ ಸಾಕ್ಸ್ ಒಂದೊಂದು ಕಡೆ ಎಸೆಯುತ್ತಿದ್ದ, ಯಾವುದನ್ನೂ ಹತ್ತಿರ ಬಿಡಲಿಲ್ಲ. ಕಳೆದ ತಿಂಗಳು ಒಂದು ಬೆಳಿಗ್ಗೆ ಬಟ್ಟೆ ಒಗೆಯುತ್ತಾ ಇದ್ದೆ. ಅವನ ನೆನಪು ಸುಮ್ಮನೆ ಬಂತು. ಓಡಿಸಲಿಲ್ಲ. ನಲ್ಲಿ ಹರಿಯುತ್ತಲೇ ಇತ್ತು. ಮಧ್ಯಾಹ್ನದ ತನಕ ಅಳುತ್ತಾ ಕೂತೆ. ಗಂಡ ಸತ್ತ ಹೆಂಗಸರು ಮೊದಲ ದಿನ ಅಳುವ ಅಳು ನನಗೆ ಮೂರು ವರ್ಷ ತಡವಾಗಿ ಬಂತು. ನೀವು ನನ್ನಿಂದ ತೆಗೆದಿಟ್ಟುಕೊಂಡಿದ್ದು ಆ ಅಳುವನ್ನ ಮಾವ. ಯಾರ್ಡಿನವರ ಎದುರು ನನ್ನ ಹೆಸರು ತೊಳೆದಿರಿ, ಒಳ್ಳೆಯದಾಯಿತು. ಅದು ಸಣ್ಣದು.

ಇದನ್ನ ಮನ್ನಿಸುವ ದೊಡ್ಡತನ ನನಗಿಲ್ಲ. ದೊಡ್ಡತನ ನೋಡಿ ನನಗೆ ಸಾಕಾಗಿದೆ.

ಆದರೆ ಅವನಿಗಾಗಿ ಅಳುವವರು ಈ ಲೋಕದಲ್ಲಿ ಇಬ್ಬರೇ, ನೀವು ಮತ್ತು ನಾನು. ನೀವು ಅತ್ತಿದ್ದೀರೋ ಇಲ್ಲವೋ ನನಗೆ ಗೊತ್ತಿಲ್ಲ. ಅತ್ತಿರಲಾರಿರಿ. ಅಷ್ಟು ದೊಡ್ಡ ಸುಳ್ಳು ಎದೆಯಲ್ಲಿ ಇಟ್ಟುಕೊಂಡವರಿಗೆ ಅಳಲು ಜಾಗ ಎಲ್ಲಿರುತ್ತದೆ? ಇದು ತಿಳಿದ ಮೇಲೂ ಕೋಪ ಹೋಗಲಿಲ್ಲ, ಆದರೆ ಒಬ್ಬಳೇ ಇಲ್ಲಿ ಕೂತು ಕೋಪ ಮಾಡಿಕೊಳ್ಳುವುದು ಬೇಡ ಅನ್ನಿಸಿತು.

ಎಂಟು ದಿನ ರಜೆ ಬರೆದುಕೊಟ್ಟಿದ್ದೇನೆ. ಮುಂದಿನ ತಿಂಗಳು ಹನ್ನೊಂದನೇ ತಾರೀಕು ಬರುತ್ತೇನೆ. ಮೇಷ್ಟ್ರಿಗೆ ಹೇಳಿ, ಕಂಬ ನಾನು ನಿಲ್ಲಿಸಿಕೊಡುತ್ತೇನೆ. ಪಿನ್ನು ನಾನು ಹಾಕುತ್ತೇನೆ, ನೋಡುವವರು ಮೇಷ್ಟ್ರು. ನಿಮ್ಮ ಕೈಗೆ ಕೊಡುವುದಿಲ್ಲ, ಕೊಡಿ ಅಂತ ಕೇಳಲೂ ಬೇಡಿ. ಅವರ ಹೆಂಡತಿ ಮೊದಲು ದಡದಲ್ಲಿ ನಿಂತು ನೋಡಲಿ, ಧೈರ್ಯ ಬಂದ ಮೇಲೆ ಕೂರಲಿ.

ಬಸ್ ನಿಲ್ದಾಣಕ್ಕೆ ಬರಬೇಡಿ. ನೀವು ಒಬ್ಬರೇ ರಸ್ತೆ ದಾಟುವುದು ಬೇಡ. ಮನೆಯಲ್ಲೇ ಇರಿ. ನಾನು ಬಂದು ಬಾಗಿಲಲ್ಲಿ ನಿಲ್ಲುತ್ತೇನೆ. ಆ ಬೂದು ಚುಕ್ಕೆ ನನ್ನ ಮುಖವನ್ನೂ ನುಂಗುತ್ತದೆ ಅಂತ ಗೊತ್ತಿದೆ. ಗುರುತು ಹಿಡಿದವರ ಹಾಗೆ ‘ಬಾ ಬಾ’ ಅನ್ನಬೇಡಿ. ಕಾಣದಿದ್ದರೆ ಕಾಣುವುದಿಲ್ಲ ಅನ್ನಿ. ಯಾರು ಅಂತ ಕೇಳಿ.

ಹೇಳುತ್ತೇನೆ.

ನಿಮ್ಮ ಸೊಸೆ